ಯಕ್ಷಗಾನದ ಗಿಫ್: ಬ್ರೌಸರ್‌ನಲ್ಲಿ ಗಿರಕಿ ನಿಧಾನ, ಮೈತುಂಬಾ ಕೈ! ಯಾರಾದ್ರೂ ನೋಡಿ

ಸಾಗರದ_ಗೆಜ್ಜೆ:
ತಲೆ ಕೆಟ್ಟುಹೋಗಿದೆ. ಮೇಳದ ವೆಬ್‌ಪೇಜಿಗೆ ವೇಷ ಗಿರಕಿ ಹೊಡೆಯೋ ಗಿಫ್, 24 ಫ್ರೇಮ್, ಹಿನ್ನೆಲೆ ಪಾರದರ್ಶಕ. ಚಿತ್ರ ತಿದ್ದೋ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಪ್ಲೇ ಮಾಡಿದ್ರೆ ಸರಿ ಇದೆ. ಬ್ರೌಸರ್‌ನಲ್ಲಿ ಒಂದು ಸುತ್ತಿಗೆ ಹತ್ತಿರಹತ್ತಿರ ಎರಡೂವರೆ ಸೆಕೆಂಡ್. ಸಾಲದ್ದಕ್ಕೆ ಹಳೇ ಫ್ರೇಮ್ ಅಳಿಸೋದೇ ಇಲ್ಲ, ವೇಷಕ್ಕೆ ರಾವಣನಷ್ಟು ಕೈ. ಸೆಟ್ಟಿಂಗ್ ಎಲ್ಲಾ ಸರಿಯಾಗೇ ಕೊಟ್ಟಿದೀನಿ.

ಅಡಿಕೆ_ಬೈಟ್:
ಫೈಲ್ ಎಷ್ಟು ಎಂಬಿ? ದೊಡ್ಡದಾಗಿರತ್ತೆ. ಬಣ್ಣ 256ರಿಂದ 64ಕ್ಕೆ ಇಳಿಸಿ, ಡಿದರಿಂಗ್ (ಇಲ್ಲದ ಬಣ್ಣ ಇದ್ದ ಹಾಗೆ ತೋರಿಸೋ ಚುಕ್ಕೆಗಳು) ತೆಗೀರಿ. ಚುಕ್ಕೆಚುಕ್ಕೆ ಬಂದ್ರೆ ಗಿಫ್ ಕುಗ್ಗಿಸೋ ಎಲ್‌ಝಡ್‌ಡಬ್ಲ್ಯೂ ವಿಧಾನಕ್ಕೆ ಒಂದೇ ಥರದ ಪಿಕ್ಸೆಲ್ ಸಾಲು ಸಿಗಲ್ಲ, ಸೈಜ್ ಉಬ್ಬತ್ತೆ.

ಸಾಗರದ_ಗೆಜ್ಜೆ:
64 ಮಾಡಿದೆ. ಕಿರೀಟದ ಚಿನ್ನದ ಬಣ್ಣ ಪಟ್ಟೆಪಟ್ಟೆ ಆಯ್ತು. ವೇಗ ಅಷ್ಟೇ.

ಅಡಿಕೆ_ಬೈಟ್:
ಹಾಗಾದ್ರೆ ನೆಟ್ ನಿಧಾನ. ಮಳೆಗಾಲದಲ್ಲಿ ಹೊಸನಗರದ ಕಡೆ ಟವರ್ ಕಥೆ ಗೊತ್ತಲ್ಲ. 32ಕ್ಕೆ ಇಳಿಸಿ ನೋಡಿ.

ಕೊಡಚಾದ್ರಿ_ಕರ್ಸರ್:
ಎಂತ ಮಾರಾಯ್ರೆ, ಇದು ನೆಟ್ ಅಲ್ಲ. ನೆಟ್ ಆಗಿದ್ರೆ ಮೊದಲ ಸುತ್ತು ಮಾತ್ರ ತಡವರಿಸ್ತಿತ್ತು, ಆಮೇಲಿಂದು ಮೆಮೊರಿಯಿಂದ ಬರತ್ತೆ. ಲೆಕ್ಕ ಹಾಕಿ: 2.4 ಸೆಕೆಂಡ್ ಭಾಗಿಸು 24, ಫ್ರೇಮಿಗೆ ಸರಿಯಾಗಿ 100 ಮಿಲಿಸೆಕೆಂಡ್. ಈ ಸಂಖ್ಯೆ ಸುಮ್ನೆ ಬರಲ್ಲ. ಗೆಜ್ಜೆಯವ್ರೇ, ಡಿಲೇ (ಒಂದು ಫ್ರೇಮ್ ನಿಲ್ಲೋ ಹೊತ್ತು) ಎಷ್ಟು ಕೊಟ್ಟಿದೀರಿ?

ಸಾಗರದ_ಗೆಜ್ಜೆ:
10 ಮಿಲಿಸೆಕೆಂಡ್. ಕಡಿಮೆ ಕೊಟ್ಟಷ್ಟೂ ಫಾಸ್ಟ್ ಅಲ್ವಾ? ಅದಕ್ಕೇ ಹೇಳಿರಲಿಲ್ಲ.

ಭದ್ರಾ_ಪಿಕ್ಸೆಲ್:
2020 ದಾಟಿದ್ರೂ ಗಿಫ್ ಹಿಡ್ಕೊಂಡು ಯಾಕೆ ಒದ್ದಾಡ್ತೀರಿ? 1987ರ ಫಾರ್ಮ್ಯಾಟ್ ಅದು. ಅದಕ್ಕಿಂತ ಹೊಸ ಚಿತ್ರದ ಫಾರ್ಮ್ಯಾಟ್ ವೆಬ್‌ಪಿ ಮಾಡಿ.

ಅಡಿಕೆ_ಬೈಟ್:
ಡಿಲೇ, ಪಾರದರ್ಶಕತೆ ಬಂದಿದ್ದು 89ಎ ಆವೃತ್ತಿಯಲ್ಲಿ. ಅಂದ್ರೆ 1989.

ಭದ್ರಾ_ಪಿಕ್ಸೆಲ್:
ಎರಡು ವರ್ಷಕ್ಕೆ ಹರೆಯ ಬಂತಾ? ನಿರಂತರ ಸುತ್ತಾಟಾನೂ ಆಮೇಲೆ ನೆಟ್‌ಸ್ಕೇಪ್‌ನವ್ರು ಸೇರಿಸಿದ್ದು. ಆ ತುಣುಕು ಇಲ್ಲದಿದ್ರೆ ಒಂದು ಸಲ ಆಡಿ ನಿಂತುಬಿಡತ್ತೆ.

ಕೊಡಚಾದ್ರಿ_ಕರ್ಸರ್:
ಜಗಳ ಆಮೇಲೆ. ಗಿಫ್‌ನಲ್ಲಿ ಡಿಲೇ ಇರೋದು ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ. 10 ಮಿಲಿಸೆಕೆಂಡ್ ಅಂದ್ರೆ 1. ಈಗಿನ ಬ್ರೌಸರ್‌ಗಳು 0 ಅಥವಾ 1 ಕಂಡ್ರೆ ಅದನ್ನ 10, ಅಂದ್ರೆ 100 ಮಿಲಿಸೆಕೆಂಡ್ ಅಂತ ತಗೊಳ್ತವೆ. 20 ಮಿಲಿಸೆಕೆಂಡ್ ಕೊಡಿ, ಸುತ್ತು 0.48 ಸೆಕೆಂಡಿಗೆ ಮುಗಿಯತ್ತೆ. ಒಂದು ಬಿಟ್ಟು ಒಂದು ಫ್ರೇಮ್ ತೆಗೆದು 12ಕ್ಕೆ 40 ಕೊಟ್ರೂ ಅಷ್ಟೇ ಹೊತ್ತು, ಫೈಲ್ ಸುಮಾರು ಅರ್ಧ. ನನ್ನ ಮತ ಇದಕ್ಕೇ.

ಕೈಗಳ ವಿಷಯ: ಎಕ್ಸ್‌ಪೋರ್ಟ್ ಮಾಡುವಾಗ ಫ್ರೇಮ್ ಡಿಸ್ಪೋಸಲ್ (ಹಳೇ ಫ್ರೇಮನ್ನ ಏನು ಮಾಡ್ಬೇಕು ಅನ್ನೋ ಆಯ್ಕೆ) 'ಕ್ಯುಮ್ಯುಲೇಟಿವ್ ಲೇಯರ್ಸ್' ಇದ್ರೆ ಹಳೇದರ ಮೇಲೇ ಹೊಸದು ಕೂರತ್ತೆ. ಪಾರದರ್ಶಕ ಪಿಕ್ಸೆಲ್‌ಗೆ ಕೆಳಗಿಂದನ್ನ ಅಳಿಸೋ ಶಕ್ತಿ ಇಲ್ಲ. 'ಒನ್ ಫ್ರೇಮ್ ಪರ್ ಲೇಯರ್' ಆರಿಸಿ. ಲೇಯರ್ ಹೆಸರಿನ ಕೊನೆಗೆ 10 ಎಂಎಸ್ (ಮಿಲಿಸೆಕೆಂಡ್) ಅಥವಾ ಕಂಬೈನ್ (ಕ್ಯುಮ್ಯುಲೇಟಿವ್‌ನ ಗುರುತು) ಅಂತ ಅಂಟಿಕೊಂಡಿದ್ರೆ ಅದೇ ಗೆಲ್ಲತ್ತೆ. ಹಾಗಾಗಿ 'ಎಲ್ಲಾ ಫ್ರೇಮಿಗೂ ಇದನ್ನೇ ಬಳಸು' ಅನ್ನೋ ಟಿಕ್ ಡಿಲೇಗೂ ಡಿಸ್ಪೋಸಲ್‌ಗೂ ಎರಡೂ ಹಾಕಿ. ಮೊದಲೇ ಆಪ್ಟಿಮೈಸ್ ಆದ ಗಿಫ್ ತೆರೆದಿದ್ರೆ, ಫಿಲ್ಟರ್ಸ್, ಆನಿಮೇಷನ್, ಅನ್‌ಆಪ್ಟಿಮೈಸ್ ಮಾಡ್ಕೊಂಡೇ ಮುಂದೆ ಹೋಗಿ. ಇಲ್ಲದಿದ್ರೆ ಬರೀ ಬದಲಾದ ತುಂಡುಗಳು ಮಿಣುಕ್ತವೆ.

ಆಗುಂಬೆ_ಆರ್‌ಜಿಬಿ:
ನಮ್ಮನೇಲಿ 27 ಇಂಚಿಂದು ಎರಡು ಮಾನಿಟರ್, 32 ಜಿಬಿ ರ‍್ಯಾಮ್, ಕರೆಂಟ್ ಹೋದ್ರೂ ಇನ್ವರ್ಟರ್. ಯಾವ ಗಿಫ್ಫೂ ನಿಧಾನ ಆಗಿದ್ದಿಲ್ಲ.

ಕೊಡಚಾದ್ರಿ_ಕರ್ಸರ್:
ಅದರಲ್ಲೂ 10 ಮಿಲಿಸೆಕೆಂಡಿನ ಗಿಫ್ ಹಾಕಿ ನೋಡಿ, ಇದೇ ವೇಗ.

ಸಾಗರದ_ಗೆಜ್ಜೆ:
12 ಫ್ರೇಮ್, 40 ಮಾಡಿದೆ, ವೇಗ ಸರಿ ಆಯ್ತು. ಕೈನೂ ಎರಡೇ. ಆದ್ರೆ ವೇಷದ ಅಂಚಿಗೆ ಬಿಳಿ ಗೆರೆ. ಬಿಳಿ ಪೇಜಲ್ಲಿ ಕಾಣಲ್ಲ, ಕಪ್ಪಲ್ಲಿ ಎದ್ದು ಕಾಣತ್ತೆ.

ಕೊಡಚಾದ್ರಿ_ಕರ್ಸರ್:
ಗಿಫ್‌ನಲ್ಲಿ ಪಿಕ್ಸೆಲ್ ಪೂರ್ತಿ ಪಾರದರ್ಶಕ, ಇಲ್ಲಾ ಪೂರ್ತಿ ಗಟ್ಟಿ. ನಡುವಿಂದು ಇಲ್ಲ. ಬ್ಯಾಕ್‌ಗ್ರೌಂಡ್ ಬಣ್ಣವನ್ನ ಪೇಜಿನ ಬಣ್ಣಕ್ಕೆ ಇಟ್ಟು, ಪ್ರತಿ ಲೇಯರಿಗೂ ಸೆಮಿ-ಫ್ಲಾಟನ್ (ಅರೆ ಪಾರದರ್ಶಕ ಪಿಕ್ಸೆಲ್‌ಗೆ ಆ ಬಣ್ಣ ಬೆರೆಸೋದು) ಮಾಡಿ.

ಸಾಗರದ_ಗೆಜ್ಜೆ:
ಪೇಜಿಗೆ ಡಾರ್ಕ್ ಮೋಡ್ ಇದೆ. ಹಗಲು ಬಿಳಿ, ರಾತ್ರಿ ಕಪ್ಪು. ಯಾವ ಬಣ್ಣ ಇಡ್ಲಿ?

ಕೊಡಚಾದ್ರಿ_ಕರ್ಸರ್:
ಇದನ್ನ ಮೊದಲೇ ಹೇಳ್ಬಾರದಾ! ಎರಡಕ್ಕೂ ಒಂದೇ ಗಿಫ್ ಹೊಂದಲ್ಲ.

ಭದ್ರಾ_ಪಿಕ್ಸೆಲ್:
ಅಂದ್ರೆ ವೆಬ್‌ಪಿ. ಅರೆ ಪಾರದರ್ಶಕ ಅಂಚು ಅದರಲ್ಲಿ ಉಳಿಯತ್ತೆ. ಗಿಂಪ್‌ನಿಂದಲೇ ಎಕ್ಸ್‌ಪೋರ್ಟ್ ಆಗತ್ತೆ, 'ಆಸ್ ಆನಿಮೇಷನ್' ಟಿಕ್ ಮರೀಬೇಡಿ. ಮೂಲ ಲೇಯರ್‌ಗಳಿಂದ ಮಾಡಿ, ಗಿಫ್‌ನಿಂದ ಅಲ್ಲ. ಗಿಫ್‌ನಲ್ಲಿ ಅಂಚು ಆಗಲೇ ಕತ್ತರಿಸಿ ಹೋಗಿರತ್ತೆ.

ಅಡಿಕೆ_ಬೈಟ್:
ಅದಕ್ಕೂ ಮುಂಚೆ 32 ಬಣ್ಣ ಒಂದ್ಸಲ ನೋಡಬಹುದಿತ್ತು.