ತಂಡ ಕಟ್ಟಿದ ಕಾಕಾನೇ ಬೇಸೂರ ಹಾಡ್ಲತ್ತಾರ, ಹ್ಯಾಂಗ ಹೇಳೋದು?

ಕಲಬುರಗಿ_ವೈನಿ:

ನಮಸ್ಕಾರ ಎಲ್ಲಾರಿಗೂ. ಕಲಬುರಗಿಯಾಗ ನಮ್ಮ ಬಡಾವಣೆದೊಂದು ಹಾಡೋ ತಂಡ ಅದ, 18 ಮಂದಿ ಅದೀವಿ, 11 ಹೆಣ್ಮಕ್ಕಳು 7 ಗಂಡಸರು. ಒಬ್ಬರು ಅಕ್ಕಾರು ಬಿಟ್ರ ಯಾರೂ ಸಂಗೀತ ಕಲ್ತವರಲ್ಲ, ಅವರು ಹಿಂದೂಸ್ತಾನಿ ಎರಡು ಪರೀಕ್ಷಾ ಪಾಸಾಗ್ಯಾರ, ಅದಕ್ಕ ಅವರೇ ಪೇಟಿ (ಹಾರ್ಮೋನಿಯಂ) ಬಾರಿಸ್ತಾರ ಅವರೇ ಕಲಸ್ತಾರ. ಸೆಪ್ಟೆಂಬರ್ 17ಕ್ಕ ಕಲ್ಯಾಣ ಕರ್ನಾಟಕ ಉತ್ಸವದ ದಿನ ಸಂಜಿಗಿ ನಮ್ಮದೇ ಒಂದು ಪ್ರೋಗ್ರಾಮ್ ಇಟ್ಕೊಂಡೀವಿ. ನಾಡಗೀತೆ, ಎರಡು ವಚನ, ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದ, ಕಡಿಗೊಂದು ದೇಶಭಕ್ತಿ ಹಾಡು. ಉಳಿದಿದ್ದು ಮೂರೇ ವಾರ, ಅದ್ರಾಗ ಗಣಪತಿ ಬ್ಯಾರೆ ಬರ್ತಾನ.

ತ್ರಾಸ ಏನಂದ್ರ ನಮ್ಮ ಕಾಕಾ. ರಿಟೈರ್ಡ್ ಮಾಸ್ತರು, ಎಪ್ಪತ್ತರ ಹತ್ರ ವಯಸ್ಸು. ತಂಡ ಕಟ್ಟಿದವರೇ ಅವರು, ಮನಿ ಮನಿಗಿ ಹೋಗಿ ಬರ್ರಿ ಹಾಡೋಣು ಅಂತ ಕರ್ಕೊಂಡು ಬಂದವರು, ಪೇಟಿ ಅವರ ಪೆನ್ಷನ್ ರೊಕ್ಕದ್ದು, ಪ್ರಾಕ್ಟೀಸು ಅವರ ಮನಿ ಮಾಳಗಿ ಮ್ಯಾಲಿನ ರೂಮಿನಾಗ. 1948ರಾಗ ನಿಜಾಮನ ಸಂಸ್ಥಾನ ಭಾರತದಾಗ ಸೇರಿದ ಸುದ್ದಿ ಅವರಪ್ಪ ಹೇಳಿದ್ದು ಪ್ರತಿ ವರ್ಷ ನಮಗ ಹೇಳ್ತಾರ, ಹಂಗಾಗಿ ಈ 17ನೇ ತಾರೀಖು ಅಂದ್ರ ಅವರಿಗೆ ಭಾಳ ದೊಡ್ಡದು. ಆದ್ರ ಹಾಡು ಮ್ಯಾಲಿನ ಚರಣಕ್ಕ ಬಂತು ಅಂದ್ರ ಪೇಟಿ ಒಂದು ಕಡಿ ಕಾಕಾ ಒಂದು ಕಡಿ. ದನಿ ಬ್ಯಾರೆ ಎಲ್ಲಾರಿಗಿಂತ ಜೋರು.

ಹ್ವಾದ ಐತಾರ ಇಬ್ಬರು ಹುಡುಗ್ಯಾರು ಮುಸಿಮುಸಿ ನಕ್ಕುಬಿಟ್ರು. ಕಾಕಾ ನೋಡಿದ್ರು. ಏನೂ ಅನ್ಲಿಲ್ಲ, ಬಾಯಾಗಿನ ಲವಂಗ ಒಂದು ಕಡಿ ಸರಿಸಿ ನೋಟ್‌ಬುಕ್ ಮುಚ್ಚಿದ್ರು, ಚಹಾ ತರ್ತೀನಿ ಅಂತ ಕೆಳಗ ಹೋದ್ರು. ನಾ ನೀರಿಗಂತ ಇಳಿದ್ರ ಮೆಟ್ಲಾಗ ಟ್ರೇ ಹಿಡ್ಕೊಂಡು ನಿಂತಾರ, ಹಾಡು ಮುಗಿಯೋತನಕ ಮ್ಯಾಲ ಬರ್ಲೇ ಇಲ್ಲ, ಚಹಾದ ಮ್ಯಾಲ ಕೆನಿ ಕಟ್ಟಿತ್ತು.

ಈಗ ಕೆಲವರು ಅಂತಾರ ಅವರಿಗೆ ನಿರೂಪಣೆ ಕೊಟ್ಟುಬಿಡೋಣು ಹಾಡೋದು ಬ್ಯಾಡ ಅಂತ. ನನಗ ಮನಸ್ಸಿಲ್ಲ. ಯಾರಿಗಾದ್ರೂ ಹಿಂಗ ಆಗ್ಯಾದೇನು, ಏನ್ ಮಾಡಿದ್ರಿ?

ಯಾದಗಿರಿ_ಭಜನಿ:

ವೈನಿ ಭಾಳ ತಲಿ ಕೆಡಸ್ಕೋಬ್ಯಾಡ್ರಿ, ನಮ್ಮ ಭಜನಾ ಮಂಡಳಿಯಾಗ ಇಂಥವರು ಮೂರು ಮಂದಿ ಅದಾರ. ಕೈಯಾಗ ತಾಳ ಕೊಟ್ಟುಬಿಡ್ರಿ ಮುಗೀತು. ತಾಳ ಬಾರಿಸ್ಕೋತ ಅರ್ಧ ಧ್ಯಾನ ಅದ್ರಾಗ ಹೋಗ್ತದ, ದನಿ ತಾನೇ ಇಳೀತದ. ಇಲ್ಲಂದ್ರ ಪ್ರೋಗ್ರಾಮಿನ ದಿನ ಮೈಕಿನಿಂದ ದೂರ ನಿಲ್ಲಸ್ರಿ, ಯಾರಿಗೂ ಕೇಳಂಗಿಲ್ಲ ಅವರಿಗೂ ಬ್ಯಾಸರ ಇಲ್ಲ.

ಪೇಟಿ_ಮಾಸ್ತರ:

ವೈನಿ, ಕಾಕಾರ ವಿಷಯ ಆಮ್ಯಾಲ. ಮೊದಲ ಮೂರು ಮಾತು ಹೇಳ್ರಿ. ಪೇಟಿ ಮ್ಯಾಲ ಸಾ, ಅಂದ್ರ ಹಾಡಿನ ಮೂಲ ಸೂರ, ಯಾವ ಪಟ್ಟಿ (ಕೀಲಿ) ಇಟ್ಕೊಂಡೀರಿ? ಹಾಡು ಮ್ಯಾಲ ಎಲ್ಲಿತನಕ ಹೋಗ್ತದ? ಮತ್ತ ಮ್ಯಾಲಿನ ಚರಣದಾಗ ಕಾಕಾ ಬೇಸೂರ ಆದಾಗ ಉಳಿದ ಆರು ಮಂದಿ ಗಂಡಸರು ಏನ್ ಮಾಡ್ಲತ್ತಿರ್ತಾರ?

ಕಲಬುರಗಿ_ವೈನಿ:

ಸರ್, ಅಕ್ಕಾರಿಗೆ ಕೇಳ್ದೆ, ಎಲ್ಲಾ ಹಾಡೂ ಕರಿ ನಾಲ್ಕು, ಅಂದ್ರ ನಾಲ್ಕನೇ ಕರಿ ಪಟ್ಟಿ ಅಂದ್ರು, ಅವರು ಕಲ್ತಿದ್ದು ಅದ್ರಾಗೇ ಅಂತ. ಮ್ಯಾಲ ತಾರ ಗಂಧಾರ (ಮ್ಯಾಲಿನ ಸಪ್ತಕದ ಗ) ತನಕ ಹೋಗ್ತದಂತ ಎರಡು ಹಾಡಿನಾಗ.

ಮೂರನೇ ಪ್ರಶ್ನೆ ಓದಿ ನಗು ಬಂತು, ಯಾಕಂದ್ರ ನಾ ಎಂದೂ ಲಕ್ಷ ಕೊಟ್ಟಿದ್ದಿಲ್ಲ. ನಮ್ಮ ಮನಿಯವರೂ ತಂಡದಾಗ ಅದಾರ, ರಾತ್ರಿ ಊಟಕ್ಕ ಕುಂತಾಗ ಕೇಳ್ದೆ ನೀವು ಆ ಚರಣದಾಗ ಹ್ಯಾಂಗ ಹಾಡ್ತೀರಿ ಅಂತ. ರೊಟ್ಟಿ ಮುರಿಯೋದು ಬಿಟ್ಟು ಹೇಳ್ಲತ್ತಾರ, "ಹಾಡೋದೆಲ್ಲಿ, ಬರೀ ಬಾಯಿ ಆಡಸ್ತೀನಿ" ಅಂತ. ಬಾಜೂಕ ನಿಂತವರೂ ಹಂಗೇ ಅಂತ, ಇಬ್ಬರು ಕೆಳಗಿನ ಸೂರದಾಗ ಸಣ್ಣಗ ಗುನುಗುಡ್ತಾರಂತ. ಎರಡು ತಿಂಗಳಿಂದ!

ಪೇಟಿ_ಮಾಸ್ತರ:

ಹಂಗಾದ್ರ ಏಳು ಮಂದಿಯಾಗ ಖರೇ ಖರೇ ಹಾಡ್ಲತ್ತಿದ್ದವರು ಕಾಕಾ ಒಬ್ಬರೇ. ಸಿಕ್ಕಿಬಿದ್ದವರೂ ಅವರೇ.

ನೋಡ್ರಿ, ಗಂಡಸರು ಸಾಮಾನ್ಯ ಬಿಳಿ ಒಂದು, ಕರಿ ಒಂದು, ಭಾಳ ಅಂದ್ರ ಬಿಳಿ ಎರಡರಾಗ ಸಾ ಹಿಡೀತಾರ, ಹೆಣ್ಮಕ್ಕಳು ಬಿಳಿ ಐದರಿಂದ ಕರಿ ಐದರ ನಡಕ. ಕರಿ ನಾಲ್ಕು ಅಕ್ಕಾರಿಗೆ ಬರೋಬ್ಬರಿ ಅದ. ಆದ್ರ ಕರಿ ಒಂದರ ಪಂಚಮ (ಪ) ಅಂದ್ರನೇ ಕರಿ ನಾಲ್ಕು, ಅಂದ್ರ ಕಾಕಾ ತಮ್ಮ ಪಂಚಮದ ಮ್ಯಾಲ ಸಾ ಹಚ್ಚಿ ಶುರು ಮಾಡ್ಲತ್ತಾರ, ಹಾಡು ತಾರ ಗಂಧಾರಕ್ಕ ಹೋದಾಗ ಅವರಿಗೆ ಅದು ತಾರ ಸಪ್ತಕದ ಕಡೀ ಸೂರ ನಿಷಾದ (ನಿ) ಆಗ್ತದ. ಕಸರತ್ತು ಮಾಡಿದ ಗವಾಯಿಗಳೇ ಅಲ್ಲಿ ವಿಚಾರ ಮಾಡಿ ಹೋಗ್ತಾರ, ಎಪ್ಪತ್ತು ವರ್ಷದ ಮಾಸ್ತರು ಎಲ್ಲಿಂದ ಮುಟ್ಟಬೇಕು. ಮುಟ್ಟಂಗಿಲ್ಲ ಅಂತ ಗೊತ್ತಾದ್ರ ಮನಷ್ಯಾ ಜೋರು ಒದರ್ತಾನ, ಅದಕ್ಕೇ ದನಿ ಎಲ್ಲಾರಿಗಿಂತ ಮ್ಯಾಲ ಕೇಳ್ತದ.

ಹಂಗಂತ ಎಲ್ಲಾ ಹಾಡು ಕರಿ ಒಂದಕ್ಕ ಇಳಿಸಿದ್ರ ಹೆಣ್ಮಕ್ಕಳ ದನಿ ಕೆಳಗ ನೆಲಕ್ಕ ಹತ್ತತದ, ಅದೂ ಆಗಂಗಿಲ್ಲ. ನಾ ಆದ್ರ ಹಿಂಗ ಮಾಡ್ತೀನಿ. ತತ್ವಪದ ಪೂರ್ತಿ ಗಂಡಸರಿಗೆ ಕೊಡ್ರಿ, ಕರಿ ಒಂದು, ಸಿಕ್ಕರ ಒಂದು ಏಕತಾರಿ ಒಂದು ದಮ್ಮಡಿ ಇಟ್ಕೊಳ್ರಿ, ಹೆಣ್ಮಕ್ಕಳು ಪಲ್ಲ ಅಷ್ಟೇ ಹಿಂದ ಹಾಡ್ಲಿ. ಎರಡು ವಚನದಾಗ ಒಂದು ಹೆಣ್ಮಕ್ಕಳದ್ದೇ, ಅದು ಕರಿ ನಾಲ್ಕರಾಗೇ ಇರ್ಲಿ. ಉಳಿದವು ಎಲ್ಲಾರೂ ಕೂಡಿ ಹಾಡೋವು ಕರಿ ಮೂರಕ್ಕ ತರ್ರಿ, ತಂದ ಮ್ಯಾಲೂ ತಾರ ಸಪ್ತಕದ ಚರಣ ಬಂದಾಗ ಗಂಡಸರು ಸುಮ್ಮ ನಿಲ್ಲಲಿ, ಪಲ್ಲವಿಗೆ ಬಂದು ಕೂಡ್ಲಿ. ಯಾರೂ ಬಾಯಿ ಆಡಸೋದು ಬ್ಯಾಡ.

ಈಗ ಕೇಳ್ತೀರಿ, ಮೂರು ಪಟ್ಟಿ ಆದ್ರ ತಬಲಾದವ್ರು ಸ್ಟೇಜಿನ ಮ್ಯಾಲ ಹಾಡಿಗೊಮ್ಮೆ ಸೂರ ಹೊಂದಸಲಿಕ್ಕ ಸುತ್ತಿಗಿ ಹಿಡ್ಕೊಂಡು ಕುಂದ್ರಬೇಕೇನು ಅಂತ. ಬ್ಯಾಡ. ನಿಮ್ಮ ತಬಲಾ ಕರಿ ಒಂದರದ್ದು ಇದ್ರ, ಬಹಳಷ್ಟು ಮಂದಿ ಹಂತ್ಯಾಕ ಅದೇ ಇರ್ತದ, ಅದು ಕರಿ ಒಂದಕ್ಕ ಷಡ್ಜ (ಸಾ), ಕರಿ ಮೂರಕ್ಕ ಪಂಚಮ, ಕರಿ ನಾಲ್ಕಕ್ಕ ಮಧ್ಯಮ (ಮ). ಒಂದೇ ತಬಲಾದಾಗ ಪೂರಾ ಪ್ರೋಗ್ರಾಮ್ ಮುಗೀತದ. ಒಂದೇ ಮಾತು, ಆ ಹೆಣ್ಮಕ್ಕಳ ವಚನದ ಧಾಟಿಯಾಗ ಮಧ್ಯಮ ಗಟ್ಟಿ ಇರಬೇಕು, ಮಧ್ಯಮನೇ ಇಲ್ಲದ ಧಾಟಿ ಇದ್ರ ಕಿವಿಗಿ ಚುಚ್ಚತದ. ಅದು ಅಕ್ಕಾರಿಗೆ ತಿಳೀತದ.

ನಾಡಗೀತೆ ಬಗ್ಗೆ ಒಂದು. 2022ರಾಗ ಸರಕಾರದ ಆದೇಶ ಆಗ್ಯಾದ, ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು, ಆಲಾಪ ಇಲ್ಲ, ಸಾಲು ತಿರುಗಿ ಹಾಡೋದಿಲ್ಲ. ನಿಮ್ಮದು ಎಷ್ಟು ಹೊತ್ತು ಆಗ್ತದ ಗಡಿಯಾರ ಇಟ್ಟು ನೋಡ್ರಿ.

ಬೀದರ್_ಕ್ವಾಯರ್:

ನಾ ಬೀದರದಾಗ ಚರ್ಚಿನ ಕ್ವಾಯರಿನಾಗ ಹಾಡ್ತೀನಿ, ಇಪ್ಪತ್ತು ವರ್ಷ ಆಯ್ತು. ಪೇಟಿ ಮಾಸ್ತರು ಹೇಳಿದ್ದು ಓದಿ ನಮ್ಮ ಪದ್ಧತಿ ಹೇಳಬೇಕು ಅನ್ನಿಸ್ತು. ನಮ್ಮಲ್ಲಿ ಹೆಣ್ಮಕ್ಕಳಿಗೆ ಸೊಪ್ರಾನೊ ಆಲ್ಟೊ, ಗಂಡಸರಿಗೆ ಟೆನರ್ ಬಾಸ್ ಅಂತ ನಾಲ್ಕು ಸಾಲು ಬ್ಯಾರೆ ಬ್ಯಾರೆನೇ ಇರ್ತಾವ, ದಪ್ಪ ದನಿಯವನಿಗೆ ಮ್ಯಾಲ ಹತ್ತು ಅಂತ ಯಾರೂ ಅನ್ನಂಗಿಲ್ಲ, ಅವನ ಸಾಲೇ ಕೆಳಗ ಇರ್ತದ. ನಿಮ್ಮ ಹಾಡಿಗೆ ಅದೆಲ್ಲಾ ಹೊಂದಂಗಿಲ್ಲ ಬಿಡ್ರಿ, ವಚನಕ್ಕ ನಾಲ್ಕು ಸಾಲು ಹಚ್ಚಿದ್ರ ವಚನ ಉಳಿಯಂಗಿಲ್ಲ. ಆದ್ರ ಎರಡು ಮಾತು ಉಪಯೋಗಕ್ಕ ಬರ್ತಾವ.

ಒಂದು, ಉಸಿರು. ವಚನ ಅಂದ್ರ ಗದ್ಯ, ಒಂದು ಸಾಲು ಉದ್ದ ಒಂದು ಗಿಡ್ಡ, 18 ಮಂದಿ 18 ಕಡಿ ಉಸಿರು ತಗೋತಾರ, ಶಬ್ದ ನಡುವೇ ಮುರೀತದ. ನಾವು ಪುಸ್ತಕದಾಗ ಪೆನ್ಸಿಲಿಂದ ಸಣ್ಣ ಗೆರಿ ಹಾಕ್ತೀವಿ, ಇಲ್ಲೇ ಎಲ್ಲಾರೂ ಉಸಿರು ತಗೋಬೇಕು ಅಂತ. ಕಡೀಕ ಅಂಕಿತ ಉದ್ದ ಎಳೀತೀರಲ್ಲ, ಅಲ್ಲಿ ಮಾತ್ರ ಉಲ್ಟಾ, ಬಾಜೂ ಬಾಜೂಕ ನಿಂತ ಇಬ್ಬರು ಒಮ್ಮೇ ಉಸಿರು ತಗೋಬಾರದು ಅಂತ ಮೊದಲೇ ಮಾತಾಡ್ಕೊಳ್ರಿ, ಕೇಳೋರಿಗೆ ದನಿ ಎಲ್ಲೂ ಕಡದಂಗ ಅನ್ನಿಸಂಗಿಲ್ಲ.

ಇನ್ನೊಂದು ಕಾಕಾರ ಬಗ್ಗೆ. ದೂರ ಮಾತ್ರ ನಿಲ್ಲಸಬ್ಯಾಡ್ರಿ. ನಮ್ಮಲ್ಲೂ ಒಬ್ಬರು ಹಿರಿಯರು ಹಿಂಗೇ ಜಾರ್ತಿದ್ರು, ಎಲ್ಲಾರೂ ಅವರನ್ನ ಹಿಂದ ಹಿಂದ ದಬ್ಬಿದ್ರು, ಹಿಂದ ಹೋದಷ್ಟೂ ಆರ್ಗನ್ ಕೇಳವಲ್ದು, ಕೇಳದಷ್ಟೂ ಇನ್ನಾ ಜಾರಿದ್ರು. ಕಡಿಗಿ ಆರ್ಗನ್ ಬಾಜೂಕ ತಂದು ನಿಲ್ಲಿಸಿದ ಮ್ಯಾಲ ಅರ್ಧ ರೋಗ ಹೋಯ್ತು. ವಯಸ್ಸಾದವರಿಗೆ ಒಮ್ಮೊಮ್ಮೆ ಒಂದು ಕಿವಿ ಮಂದ ಇರ್ತದ, ಅವರು ಹೇಳ್ಕೊಳ್ಳಂಗಿಲ್ಲ. ಯಾವ ಕಿವಿ ಪೇಟಿ ಕಡಿ ಅದ ನೋಡ್ರಿ.

ಮತ್ತ ಪ್ರೋಗ್ರಾಮಿನ ಹಿಂದಿನ ದಿನ ಗಂಟಲು ಉಳಸ್ಕೊಳ್ರಿ. ನಾವು ಡಿಸೆಂಬರಿನಾಗ ಮನಿ ಮನಿಗಿ ಕ್ಯಾರಲ್ಸ್ ಅಂತ ಥಂಡಿಯಾಗ ತಿರಗಿ ಕ್ರಿಸ್ಮಸ್ ಮುಂಜಾನಿ ಹಾಡೋ ಹೊತ್ತಿಗಿ ಅರ್ಧ ಮಂದಿಗಿ ದನಿನೇ ಇರಂಗಿಲ್ಲ, ಪ್ರತಿ ವರ್ಷ ಇದೇ ಕಥಿ.

ಯಾದಗಿರಿ_ಭಜನಿ:

ನಂದು ತಪ್ಪಾಯ್ತು ವೈನಿ, ತಾಳ ಕೊಡ್ರಿ ಅಂದಿದ್ದು ವಾಪಸ್ ತಗೊಂಡೆ. ಈಗ ವಿಚಾರ ಮಾಡಿದ್ರ ನಮ್ಮ ಮೂರು ಮಂದಿದೂ ಪಟ್ಟಿದೇ ಗೋಳು ಇರಬೇಕು, ನಮ್ಮ ಪೇಟಿಯವ ಯಾರಿಗೂ ಕೇಳಂಗಿಲ್ಲ ತನಗ ಸಲೀಸಾಗೋ ಕಡಿ ಹಿಡೀತಾನ.

ಕಿವಿ ಮಾತು ಖರೇ. ನಮ್ಮ ಕಡಿ ಮೊಹರಂ ಪದ ಹಾಡೋರು ಒಂದು ಕೈ ಕಿವಿಗಿ ಹಚ್ಚಿ ಹಾಡ್ತಾರಲ್ಲ, ಸಣ್ಣವರಿದ್ದಾಗ ಅದು ಸ್ಟೈಲ್ ಅಂದ್ಕೊಂಡಿದ್ವಿ. ಹಲಗಿ ಸಪ್ಪಳದಾಗ ತನ್ನ ದನಿ ತನಗ ಕೇಳ್ಬೇಕಂತ ಹಂಗ ಮಾಡ್ತಾರ. ಕಾಕಾಗ ಹೇಳಿ ನೋಡ್ರಿ.

ಇನ್ನ ಮೈಕ್ ಸೆಟ್ಟಿನವನ ಬಗ್ಗೆ ನಾ ಹೇಳ್ಲೇಬೇಕು. ಅವನಿಗೆ ಮೊದಲೇ ಹೇಳ್ರಿ ಎಕೋ ಬಂದ್ ಮಾಡು ಅಂತ. ಒಬ್ಬರು ಹಾಡಿದ್ರ ಎಕೋ ಚಂದ, 18 ಮಂದಿಗಿ ಹಚ್ಚಿದ್ರ ಮಾತು ಎಲ್ಲಾ ಕಲಸಿ ಗಂಜಿ ಆಗ್ತದ. ಹೋದ ವರ್ಷ ನಮ್ಮ ಊರಾಗ ಹಂಗೇ ಆಗಿ ಮಂದಿ ಯಾವ ಭಾಷಾದಾಗ ಹಾಡ್ಲತ್ತೀರಿ ಅಂತ ಕೇಳಿದ್ರು. ಒಂದೇ ಮೈಕ್ ಕೈಯಿಂದ ಕೈಗಿ ದಾಟಸಬ್ಯಾಡ್ರಿ, ಅರ್ಧ ಚಂದ್ರಾಕಾರ ನಿಂತು ಮುಂದ ಮೂರು ಸ್ಟ್ಯಾಂಡ್ ಮೈಕ್, ಪೇಟಿಗಿ ಒಂದು ಬ್ಯಾರೆ. ಒಂದು ಸ್ಪೀಕರ್ ನಿಮ್ಮ ಕಡಿ ಮುಖ ಮಾಡಿ ಇಡು ಅನ್ರಿ, ರೊಕ್ಕ ಜಾಸ್ತಿ ಕೇಳ್ತಾನ, ಚೌಕಾಸಿ ಮಾಡ್ರಿ.

ಕಲಬುರಗಿ_ವೈನಿ:

ಎಲ್ಲಾರಿಗೂ ಭಾಳ ಉಪಕಾರ ಆಯ್ತು. ಇವತ್ತು ಐತಾರ ಪ್ರಾಕ್ಟೀಸು ಮುಗಿಸಿ ಈಗ ಬಂದು ಬರೀಲತ್ತೀನಿ.

ಮೊದಲ ಅಕ್ಕಾರು ಒಪ್ಪಲಿಲ್ಲ. ಕರಿ ಮೂರು ಅಂದ್ರ ಕೆಳಗಿನ ಪಂಚಮದಾಗ ನನ್ನ ದನಿ ಕೇಳಂಗಿಲ್ಲ ಅಂದ್ರು, ಸಿಟ್ಟೂ ಬಂತು, ಯಾರೋ ಗೊತ್ತಿಲ್ಲದವರ ಮಾತು ಕೇಳಿ ನನಗ ಕಲಸ್ತೀಯೇನು ಅಂತ. ನಾ ತಬಲಾದ ಮಾತು ಹೇಳ್ದೆ. ಅವರು ಸುಮ್ಮ ಪೇಟಿ ಮ್ಯಾಲ ಕರಿ ಒಂದು ಒತ್ತಿ ಹಿಡಿದು, ಕರಿ ಮೂರು ಒತ್ತಿದ್ರು, ಕರಿ ನಾಲ್ಕು ಒತ್ತಿದ್ರು, ತಬಲಾದವ್ರ ಕಡಿ ನೋಡಿದ್ರು. ಅವರು ಒಂದೊಂದು ಪೆಟ್ಟು ಹಾಕಿ ಖರೇ ಅದರೀ ಅಕ್ಕಾರ ಅಂದ್ರು. ಆಮ್ಯಾಲ ಪೆನ್ನು ತಗೊಂಡು ಎಲ್ಲಾ ಹಾಡಿನ ಮುಂದ ಪಟ್ಟಿ ಬರದ್ರು. ಹೆಣ್ಮಕ್ಕಳ ವಚನದ ಧಾಟಿಯಾಗ ಮಧ್ಯಮ ಗಟ್ಟಿನೇ ಅದಂತ, ಅದು ನಡೀತದ ಅಂದ್ರು.

ನಾಡಗೀತೆ ಗಡಿಯಾರ ಇಟ್ಟು ನೋಡಿದ್ರ 4 ನಿಮಿಷ ಆಗ್ಲತ್ತಿತ್ತು, ಆಲಾಪ ಒಂದೇ ಮುಕ್ಕಾಲು ನಿಮಿಷ. ತಗದು ಹಾಕಿದ್ವಿ.

ಬೀದರಿನವರು ಹೇಳಿದ್ದು ಬರೋಬ್ಬರಿ ಇತ್ತು. ಕಾಕಾಗ ಎಡಗಿವಿ ಮಂದ ಅದ, ನಾಲ್ಕು ವರ್ಷ ಆಯ್ತಂತ, ಕಾಕಿಗಿ ಬಿಟ್ರ ಯಾರಿಗೂ ಗೊತ್ತಿಲ್ಲ. ನಾವು ದಿನಾ ಪೇಟಿ ಅವರ ಎಡಕ್ಕೇ ಇಡ್ತಿದ್ವಿ. ಇವತ್ತು ನಾ ಏನೂ ಹೇಳದಂಗ ಬಿಸಿಲು ಬರ್ತದ ಅಂತ ನೆಪ ಮಾಡಿ ಚಾಪಿ ತಿರಗಿಸಿ ಹಾಸ್ದೆ, ಪೇಟಿ ಬಲಕ್ಕ ಬಂತು. ತತ್ವಪದ ಕರಿ ಒಂದರಾಗ ಎತ್ತಿದ್ರು ನೋಡ್ರಿ, ಆ ನಕ್ಕಿದ್ದ ಹುಡುಗ್ಯಾರೇ ಮೊಬೈಲಿನಾಗ ರೆಕಾರ್ಡ್ ಮಾಡ್ಕೊಂಡ್ರು. ಪಕ್ಕಾ ಸೂರ ಅಂತ ಅನ್ನಂಗಿಲ್ಲ, ನಡು ನಡು ಇನ್ನಾ ಜಾರ್ತಾರ, ಆದ್ರ ಆ ಒದರೋದು ಇಲ್ಲ. ನಮ್ಮ ಮನಿಯವರದ್ದೂ ದನಿ ಕೇಳ್ತು, ಮದಿವಿ ಆದ ಮ್ಯಾಲ ಮೊದಲನೇ ಸಲ.

ಗಂಡಸರು ಮ್ಯಾಲಿನ ಚರಣದಾಗ ಸುಮ್ಮ ನಿಲ್ಲೋದು ಕಾಕಾಗ ಸೇರಲಿಲ್ಲ, ನಾವೇನು ಗೊಂಬಿಯೇನು ಅಂದ್ರು. ಅದು ಇನ್ನಾ ಬಗಿಹರೀಬೇಕು. ಬುಧವಾರದಿಂದ ಓಣಿಯಾಗ ಗಣಪತಿ ಡಿಜೆ ಶುರು ಆಗ್ತದ, ಹಂಗಾಗಿ ಪ್ರಾಕ್ಟೀಸು ಮುಂಜಾನಿ ಆರಕ್ಕ ಇಟ್ಕೊಂಡೀವಿ, ಎಷ್ಟು ಮಂದಿ ಏಳ್ತಾರೋ ನೋಡಬೇಕು.

ಹೊರಡೋ ಮುಂದ ಕಾಕಾ ನನ್ನ ನೋಟ್‌ಬುಕ್ ಇಸ್ಕೊಂಡು ಪೆನ್ಸಿಲ್ ಗೆರಿ ಎಲ್ಲಾ ನೋಡಿ ಹೇಳಿದ್ರು, "ಯವ್ವಾ, ಎರಡನೇ ವಚನದಾಗ ನೀ ಗೆರಿಕಿಂತ ಮೊದಲೇ ಉಸಿರು ತಗೋತಿ, ನಾ ಎರಡು ತಿಂಗಳಿಂದ ಕೇಳ್ಲತ್ತೀನಿ, ಹ್ಯಾಂಗ ಹೇಳೋದು ಅಂತ ಸುಮ್ಮಿದ್ದೆ."

ಪೇಟಿ_ಮಾಸ್ತರ:

ಆ ರೆಕಾರ್ಡಿಂಗ್ ಇದ್ರ ಹಾಕ್ರಿ ವೈನಿ, ನಿಮ್ಮ ಉಸಿರೂ ಕೇಳೋಣು.