ಸುಟ್ಟಗಾಯಕ್ಕೆ ದ್ರವದ ಲೆಕ್ಕ: ‘ಮೊದಲ 8 ಗಂಟೆ’ ಯಾವಾಗಿನಿಂದ?

ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಸುಟ್ಟಗಾಯದ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಮಾತುಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲಿಗೆ, ಫ್ಲೂಯಿಡ್ ರಿಸಸಿಟೇಶನ್, ಅಂದರೆ ಮೈ ಹೆಚ್ಚು ಸುಟ್ಟವರಿಗೆ ರಕ್ತನಾಳದ ಮೂಲಕ ದ್ರವ ಕೊಡುವುದು. ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ದ್ರವ ಪುನಶ್ಚೇತನ’ ಅಂದರೆ ದ್ರವಕ್ಕೇ ಜ್ಞಾನ ತಪ್ಪಿದ ಹಾಗೆ ಕೇಳಿಸುತ್ತದೆ! ‘ಮರುಪೂರಣ’ ಅಂದ ಕೂಡಲೇ ಅಂತರ್ಜಲ ನೆನಪಾಗುತ್ತದೆ. ‘ಗ್ಲೂಕೋಸ್ ಹಾಕುವುದು’ ಇಲ್ಲಿ ನಡೆಯಲ್ಲ. ಸಾಮಾನ್ಯವಾಗಿ ಮೊದಲು ಹಾಕುವುದು ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ, ಅದರಲ್ಲಿ ಗ್ಲೂಕೋಸ್ ಇರುವುದೇ ಇಲ್ಲ. ಮೈ ಹೆಚ್ಚು ಸುಟ್ಟಾಗ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ರಕ್ತದ ನೀರಂಶ ಹೊರಗಿಳಿದು ಮೈ ಊದಿಕೊಳ್ಳುತ್ತದೆ, ನಾಳದೊಳಗೆ ಕೊರತೆ ಬೀಳುತ್ತದೆ. ಅದನ್ನು ತುಂಬುವ ಕೆಲಸ ಇದು. ಹಾಗಾಗಿ ಸದ್ಯಕ್ಕೆ ‘ದ್ರವ ತುಂಬಿಕೆ’ ಅಂತ ಇಟ್ಟುಕೊಂಡಿದ್ದೇನೆ.

ಜಾಸ್ತಿ ತಲೆ ತಿನ್ನುತ್ತಿರುವುದು ‘ಮೊದಲ 8 ಗಂಟೆ’. ಪಾರ್ಕ್‌ಲ್ಯಾಂಡ್ ಸೂತ್ರದಲ್ಲಿ (ಇದು ಡಾಲಸ್‌ನ ಆಸ್ಪತ್ರೆಯ ಹೆಸರು, ವೈದ್ಯರದ್ದಲ್ಲ) 4 ಮಿ.ಲೀ.ಯನ್ನು ಕೆ.ಜಿ. ತೂಕದಿಂದಲೂ ಸುಟ್ಟ ಭಾಗದ ಶೇಕಡಾದಿಂದಲೂ ಗುಣಿಸುತ್ತಾರೆ. ಅದು 24 ಗಂಟೆಯಲ್ಲಿ ಕೊಡಬೇಕಾದ ದ್ರವದ ಒಟ್ಟು ಲೆಕ್ಕ. ಅರ್ಧ ಮೊದಲ 8 ಗಂಟೆಯಲ್ಲಿ, ಉಳಿದರ್ಧ ಮುಂದಿನ 16 ಗಂಟೆಯಲ್ಲಿ. 60 ಕೆ.ಜಿ. ತೂಕದವರಿಗೆ ಶೇ 30 ಸುಟ್ಟಿದ್ದರೆ 7,200 ಮಿ.ಲೀ. ಅದರರ್ಧ 3,600, ಅಂದರೆ ಗಂಟೆಗೆ 450.

ಆದರೆ ಗಂಟೆ ಎಣಿಸುವುದು ಸುಟ್ಟ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. 2 ಗಂಟೆ ತಡವಾಗಿ ಬಂದವರಿಗೆ ಅದೇ 3,600 ಉಳಿದ 6 ಗಂಟೆಯಲ್ಲಿ ಹೋಗಬೇಕು, ಗಂಟೆಗೆ 600. ‘ಚಿಕಿತ್ಸೆಯ ಮೊದಲ 8 ಗಂಟೆ’ ಅಂತ ಬರೆದರೆ 450ರಲ್ಲೇ ನಿಲ್ಲುತ್ತದೆ. ‘ಸುಟ್ಟ 8 ಗಂಟೆಯೊಳಗೆ’ ಅಂದರೆ ಗಡುವಿನ ಹಾಗಾಗಿ, ಬೇಗ ಹಾಕಿ ಮುಗಿಸಿದರೂ ಸರಿ ಅನ್ನಿಸುತ್ತದೆ. ‘ಸುಟ್ಟ ಹೊತ್ತಿನಿಂದ 8ನೇ ಗಂಟೆಯವರೆಗೆ, ಸಮನಾಗಿ ಹಂಚಿ’ ಅಂದರೆ ಉದ್ದವಾಯಿತು, ಆದರೆ ನನಗೆ ಇದೇ ಸರಿ ಕಾಣುತ್ತದೆ.

‘ಶೇ 30ರಷ್ಟು ಸುಟ್ಟಗಾಯ’ ಅನ್ನುವಲ್ಲೂ ತೊಡಕಿದೆ. ಸುಮ್ನೆ ಓದಿದವರಿಗೆ ಅದು ಆಳದ ಮಾತು ಅನ್ನಿಸಬಹುದು, ಅಲ್ವಾ? ಅದು ಹರವು. ರೋಗಿಯ ಅಂಗೈ ಬೆರಳುಗಳ ಸಮೇತ ಸುಮಾರು ಶೇ 1. ಗುಳ್ಳೆಯಿಲ್ಲದೆ ಬರೀ ಕೆಂಪಾದ ಚರ್ಮ ಈ ಲೆಕ್ಕಕ್ಕಿಲ್ಲ. ‘ಸುಟ್ಟ ಹರವು’ ನಡೆಯುತ್ತದೆಯೇ?

ಕೊನೆಯದು ಟೈಟ್ರೇಟ್. ಸೂತ್ರ ಶುರುವಿಗೆ ಮಾತ್ರ. ಈಗ ವಯಸ್ಕರಿಗೆ ಹಲವೆಡೆ 4ರ ಬದಲು 2 ಮಿ.ಲೀ. ಲೆಕ್ಕದಲ್ಲೇ ಶುರು ಮಾಡುತ್ತಾರೆ. ಆಮೇಲೆ ಮೂತ್ರ ನೋಡಿಕೊಂಡು, ವಯಸ್ಕರಲ್ಲಿ ಗಂಟೆಗೆ ಕೆ.ಜಿ.ಗೆ ಸುಮಾರು 0.5 ಮಿ.ಲೀ. ಬರುವ ಹಾಗೆ, ದ್ರವದ ವೇಗ ಹೆಚ್ಚು ಕಮ್ಮಿ ಮಾಡುತ್ತಾರೆ. ಅದಕ್ಕೆ ‘ಏರಿಳಿಸುವುದು’ ಅಂತ ಬರೆದಿದ್ದೇನೆ. ಆದರೆ ‘ಡ್ರಿಪ್ ಏರಿಸುವುದು’ ಅಂದರೆ ಡ್ರಿಪ್ ಹಾಕುವುದು ಅಂತಲೂ ಬಳಕೆಯಿದೆ. ವಾರ್ಡಿನಲ್ಲಿ ಇರುವವರು ಹೇಳಿ, ಇದರಿಂದ ಗೊಂದಲ ಆಗುತ್ತದೆಯೇ?