‘ಹಗುರ’ ಅಂದ್ರೆ ಜೊಳ್ಳಾ? ಲೈಟ್ ಕ್ರೂಡ್‌ಗೆ ಕನ್ನಡದಲ್ಲಿ ಏನನ್ನೋಣ

ಗೆಳೆಯರೇ,

ಅಮೆರಿಕದ ಲೈಟ್ ಕ್ರೂಡ್ (ನೆಲದಿಂದ ತೆಗೆದ, ಇನ್ನೂ ಸಂಸ್ಕರಿಸದ ಎಣ್ಣೆಯಲ್ಲಿ ತೂಕ ಕಮ್ಮಿ ಇರುವ ಬಗೆ) ಉತ್ಪಾದನೆ ಮುಂದೆ ಹೇಗಿರುತ್ತದೆ, ಅದನ್ನು ಯಾರು ಕೊಳ್ಳುತ್ತಾರೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. ‘ಹಗುರ ಕಚ್ಚಾತೈಲ’ಕ್ಕೆ ಬೆಲೆ ಜಾಸ್ತಿ ಅಂತ ಬರೆದು ಅಪ್ಪನಿಗೆ ಓದಿ ಹೇಳಿದೆ. ನಮ್ಮದು ಸಕಲೇಶಪುರದ ಕಡೆ, ಕಾಫಿಹಣ್ಣು ನೀರಿಗೆ ಹಾಕಿದಾಗ ತೇಲಿದ್ದೆಲ್ಲ ಹಗುರ, ಅಂದ್ರೆ ಜೊಳ್ಳು, ಅದಕ್ಕೆ ರೇಟು ಕಮ್ಮಿ. ‘ಹಗುರದ್ದಕ್ಕೆ ಜಾಸ್ತಿ ಬೆಲೆ ಯಾಕೋ?’ ಅಂದರು.

ಹೌದಲ್ವಾ. ‘ಹಗುರವಾಗಿ ಮಾತಾಡಬೇಡ’ ಅನ್ನುವಾಗಲೂ ಹಗುರ ಅಂದ್ರೆ ಕೀಳೇ. ಎಣ್ಣೆಯಲ್ಲಿ ಉಲ್ಟಾ. ಹಗುರದ್ದನ್ನು ಕಾಯಿಸಿದರೆ ಪೆಟ್ರೋಲಿನಂಥದ್ದು ಜಾಸ್ತಿ ಬರುತ್ತದೆ, ಅಡಿಯಲ್ಲಿ ಉಳಿಯುವ ಡಾಂಬರು ಕಮ್ಮಿ. ಎಣ್ಣೆ ಎಷ್ಟು ಹಗುರ ಅಂತ ಅಳೆಯುವ ಎಪಿಐ ಡಿಗ್ರಿಯೂ ತಿರುಗುಮುರುಗು, ಹಗುರ ಆದಷ್ಟೂ ಅಂಕಿ ಜಾಸ್ತಿ: ನೀರಿಗೆ 10, ಸುಮಾರು 31 ದಾಟಿದರೆ ಲೈಟ್, ಟೆಕ್ಸಾಸ್ ಕಡೆಯ ಡಬ್ಲ್ಯುಟಿಐ ಅನ್ನೋ ಕಚ್ಚಾತೈಲ 40ರ ಹತ್ತಿರ.

ಸುಮ್ನೆ ಪದದ ಜಗಳ ಅಲ್ಲ ಇದು. ಅಮೆರಿಕದಲ್ಲಿ ಶೇಲ್ ಅನ್ನೋ ಪದರಬಂಡೆಯಿಂದ ಬರುವುದು ಲೈಟ್, ಆದರೆ ಅಲ್ಲಿನ ಮೆಕ್ಸಿಕೊ ಕೊಲ್ಲಿ ಕರಾವಳಿಯ ಎಷ್ಟೋ ರಿಫೈನರಿಗಳು ಭಾರದ ಎಣ್ಣೆಗೆಂದು ಸಜ್ಜಾದವು. ಹೀಗಾಗಿ ಮಿಕ್ಕಿದ್ದು ಹೊರಗೆ ಹೋಗಲೇಬೇಕು. 1975ರಿಂದ ಅಲ್ಲಿ ಇದ್ದ ಕಚ್ಚಾತೈಲ ರಫ್ತು ನಿಷೇಧ 2015ರ ಕೊನೆಗೆ ಹೋಯಿತು, 2017ರಿಂದ ನಮ್ಮ ದೇಶಕ್ಕೂ ಬರುತ್ತಿದೆ. 2024ರಲ್ಲಿ ಅಮೆರಿಕ ದಿನಕ್ಕೆ ತೆಗೆದ ಎಲ್ಲ ಬಗೆಯ ಕಚ್ಚಾತೈಲ 1 ಕೋಟಿ 30 ಲಕ್ಷ ಬ್ಯಾರೆಲ್ ದಾಟಿತು, ಸುಮಾರು 40 ಲಕ್ಷ ರಫ್ತು. ಹೊರಗೆ ಹೋಗುವ ಲೈಟ್ ಎಣ್ಣೆಯನ್ನು ‘ಹಗುರ’ ಅಂತ ಬರೆದರೆ ಅಮೆರಿಕ ತನ್ನ ಜೊಳ್ಳನ್ನು ನಮಗೆ ಸಾಗಹಾಕುತ್ತಿದೆ ಅಂತ ಓದುಗರು ಅಂದುಕೊಳ್ಳುತ್ತಾರೆ!

‘ತೆಳು’ ಅನ್ನಬಹುದು, ಆದರೆ ಅದು ಹರಿಯುವ ಗುಣ, ತೂಕದ ಮಾತಲ್ಲ. ‘ತಿಳಿ’ ನನಗೆ ಇಷ್ಟ, ತಿಳಿಸಾರಿನ ತಿಳಿ, ಕಪ್ಪು ಎಣ್ಣೆಗೆ ಹಾಕಿದರೆ ನಗುತ್ತಾರೇನೋ. ‘ಲಘು’ ಅಂದ್ರೆ ಉಪ್ಪಿಟ್ಟು ನೆನಪಾಗುತ್ತದೆ. ಹಾಸನದ ಡಿಪೋ ಹತ್ತಿರ ಟ್ಯಾಂಕರ್ ಓಡಿಸುವವರನ್ನೂ ಕೇಳಿದೆ. ಮಂಗಳೂರಿಂದ ಪೈಪಲ್ಲಿ ಇಲ್ಲಿಗೆ ಬರುವುದು ಪೆಟ್ರೋಲು, ಡೀಸೆಲ್ಲು ತಾನೇ, ಅವರಿಗೆ ಕ್ರೂಡ್ ಅಂದ್ರೆ ಕ್ರೂಡೇ.

‘ಲೈಟ್’ ಜೊತೆಗೆ ಎಣ್ಣೆಗೆ ಹೇಳುವ ‘ಸ್ವೀಟ್’ ಮಾತ್ರ ಸಲೀಸು. ಗಂಧಕ ಶೇ. 0.5ಕ್ಕಿಂತ ಕಮ್ಮಿ ಇದ್ದರೆ ಸ್ವೀಟ್. ಸಿಹಿನೀರಿನ ಬಾವಿ ಅಂದ್ರೆ ಯಾರೂ ಸಕ್ಕರೆ ಹುಡುಕಲ್ಲ, ಹಾಗೇ ‘ಸಿಹಿ’ ನಡೆಯುತ್ತದೆ. ‘ಔಟ್‌ಲುಕ್’ಗೆ ‘ಮುನ್ನೋಟ’ ಇಟ್ಟಿದ್ದೇನೆ, ‘ಭವಿಷ್ಯ’ ಅಂದ್ರೆ ಪಂಚಾಂಗ ತೆಗೆದ ಹಾಗಾಗುತ್ತದೆ.

ಸದ್ಯಕ್ಕೆ ‘ಹಗುರ’ವನ್ನೇ ಇಟ್ಟು, ಮೊದಲ ಸಲ ಬಂದಲ್ಲಿ ‘ಜೊಳ್ಳಲ್ಲ’ ಅಂತ ಒಂದು ಸಾಲು ಸೇರಿಸೋಣ ಅಂತಿದ್ದೇನೆ. ನಿಮ್ಮ ಕಡೆ ಬೇರೆ ಮಾತು ಇದೆಯಾ?